ಬಿಸಿಯಾದ ಮೇಲೆ ಎಡಕ್ಕೆ

ಮತ್ತೆ ಎಡಕ್ಕೆ — ದೀಪಗಳು ಜರುಗುತ್ತಿವೆ, ರನ್‌ವೇ ಅಂಚಿನ ಬಿಳಿ ದೀಪಗಳು ಒಂದೊಂದಾಗಿ ಪರದೆಯ ಎಡಮೂಲೆಯಿಂದ ಒಳಕ್ಕೆ, ಅವನ ಕಡೆಗೆ, ಮೊದಲು ಮೆಲ್ಲಗೆ, ಆಮೇಲೆ ಯಾರೋ ಮೂಗುದಾರ ಹಿಡಿದು ಎಳೆದ ಹಾಗೆ, ಬಲಗಾಲು, ಬಲಗಾಲು ಒತ್ತು, ಒತ್ತಿದ, ಪೆಡಲ್ ತಳ ಮುಟ್ಟಿತು, ವಿಮಾನ ಮಾತ್ರ ಮಾತು ಕೇಳಲಿಲ್ಲ, ಮುಖ ತಿರುಗಿಸಿಕೊಂಡು ಕೊನೆಯದೊಂದು ದೀಪವನ್ನು ನುಂಗಿ ಹುಲ್ಲಿಗಿಳಿದು ನಿಂತಿತು. ಸಿಮ್ಯುಲೇಟರಿನ ಒಳ್ಳೆಯ ಗುಣ ಇದು, ಯಾರ ಮೂಗೂ ಒಡೆಯುವುದಿಲ್ಲ, ಧಣಿಯ ಬಿಳಿ ಅಂಗಿಯ ಮೇಲೆ ರಕ್ತ ಸುರಿಯುವುದಿಲ್ಲ, ಗುಂಡಿ ಒತ್ತಿದರೆ ವಿಮಾನ ಮತ್ತೆ ಆಕಾಶದಲ್ಲಿ, ಏನೂ ನಡೆದೇ ಇಲ್ಲವೆಂಬಂತೆ. ಸೆಯ್ತ್ಕಾಲಿ ಗುಂಡಿ ಒತ್ತಲಿಲ್ಲ. ಪೆಡಲ್ ಮೇಲಿಂದ ಎಡಗಾಲು ತೆಗೆದು ಅದನ್ನೇ ನೋಡಿದ, ಕಂಬಳಿಬಟ್ಟೆಯ ಚಪ್ಪಲಿಯೊಳಗಿನ ಮುದಿ ಪಾದ, ಏನೋ, ನೀನೇ ಏನೋ ಮತ್ತೆ. ಕಿಟಕಿಯಾಚೆ ಅಲ್ಮಾಟಿಯ ಚಳಿಗಾಲದ ಹೊಗೆ, ಇಷ್ಟು ದೊಡ್ಡ ಬೆಟ್ಟಗಳನ್ನು ಒರೆಸಿಹಾಕಿದೆ, ಅಡಿಗೆಮನೆಯಿಂದ ಎಣ್ಣೆಯ ವಾಸನೆ, ಹೆಂಡತಿ ಕುಲ್ಯಾಶ್ ಹಿಟ್ಟಿನ ಉಂಡೆ ಬೌರ್ಸಾಕ್ ಕರಿಯುತ್ತಿದ್ದಾಳೆ, ಭಾನುವಾರವಲ್ಲವೆ, ಮಿರಾಸ್ ಬರುತ್ತಾನೆ, ಇದು ಮಿರಾಸ್ ಕಟ್ಟಿದ ವಿಮಾನ. ತಗಡಿನದಲ್ಲ, ಕಂಪ್ಯೂಟರಿನೊಳಗಿನದು, ಮನೆಯಲ್ಲಿ ಕೂತು ವಿಮಾನ ಹಾರಿಸುವ ಹುಚ್ಚಿನವರು ತಮ್ಮ ಸಿಮ್ಯುಲೇಟರಿಗೆ ಸೇರಿಸಿಕೊಳ್ಳುವ ಪುಟ್ಟ ಜೆಟ್, ದುಡ್ಡಿರುವವರು ಊರಿಂದೂರಿಗೆ ಹಾರುವಂಥದು, ಕೆನೆಬಣ್ಣದ ಚರ್ಮದ ಸೀಟುಗಳು, ಹಿಂದೆ ಎರಡು ಎಂಜಿನ್ — ಅಂಥದೇ ಜೆಟ್ಟನ್ನು ನಿಜವಾಗಿ, ನಿಜವಾದ ಹಿಮದಲ್ಲಿ, ನಿಜವಾದ ಧಣಿಯನ್ನು ಕೂರಿಸಿಕೊಂಡು ವರ್ಷಗಟ್ಟಲೆ ಹಾರಿಸಿದ ಕ್ಯಾಪ್ಟನ್ ಇವನು, ಕೊನೆಯ ಮೂರು ವರ್ಷ ಇವನ ಬಲಗಡೆಯ ಸೀಟಿನಲ್ಲಿ ಕೂತ ಹುಡುಗ ಮಿರಾಸ್. ಬಿಡುಗಡೆಗೆ ಮುಂಚೆ ಪರೀಕ್ಷೆ ಮಾಡುವವರು ಜರ್ಮನಿಯಿಂದ, ಬ್ರೆಜಿಲಿನಿಂದ, ಎಲ್ಲೆಲ್ಲಿಂದಲೋ ಬರೆಯುತ್ತಿದ್ದಾರಂತೆ, ನೆಲಕ್ಕಿಳಿದು ಬ್ರೇಕ್ ಹಿಡಿದರೆ ನಿಮ್ಮ ವಿಮಾನ ಎಡಕ್ಕೆ ಓಡುತ್ತದೆ, ಎಲ್ಲ ಸಲ ಅಲ್ಲ, ಕೆಲವು ಸಲ. ಮಿರಾಸ್ ಫೋನ್ ಮಾಡಿದ್ದ, ಸೆಕೆ, ನಮ್ಗೆ ಯಾರ್ಗೂ ಸಿಕ್ತಾ ಇಲ್ಲ, ನಿಮ್ಮ ಕಾಲಿಗೆ ಗೊತ್ತಾಗತ್ತೆ, ಒಂದ್ಸಲ ನೋಡ್ಬಿಡಿ. ಸೆಯ್ತ್ಕಾಲಿಯನ್ನು ಅವನು ಸೆಕೆ ಅಂತಲೇ ಕರೆಯುವುದು, ಹಿರಿಯರ ಪೂರ್ತಿ ಹೆಸರು ಬಾಯಲ್ಲಿ ಬರಬಾರದು, ಒಳ್ಳೆಯ ಮನೆಯ ಹುಡುಗ. ನಿಮ್ಮ ಕಾಲಿಗೆ ಗೊತ್ತಾಗತ್ತೆ. ಯಾವ ಕಾಲಿಗಪ್ಪಾ.

ಮೊದಲು ತನ್ನದೇ ತಪ್ಪು ಹುಡುಕಿದ, ಅದು ಅಭ್ಯಾಸವಾಗಿಹೋಗಿದೆ, ಈ ಮನೆಯಲ್ಲಿ ಬಟ್ಟಲು ಬಿದ್ದರೂ ಮೊದಲು ತನ್ನ ಕೈ ನೋಡಿಕೊಳ್ಳುತ್ತಾನೆ. ಪೆಡಲ್‌ಗಳನ್ನು ಇವನೇ ಮಾಡಿಕೊಂಡದ್ದು, ಗುಜರಿಯ ಕಬ್ಬಿಣ, ಬಾಗಿಲಿನ ಸ್ಪ್ರಿಂಗು, ಕೂರುವುದಕ್ಕೆ ಹಳೆಯ ಕಾರಿನ ಸೀಟು, ಕೆಳಗಿನ ಮನೆಯವರಿಗೆ ಸದ್ದಾಗದಿರಲೆಂದು ಕುಲ್ಯಾಶ್ ಅಡಿಯಲ್ಲಿ ಕಂಬಳಿ ಹೊಲಿದು ಹಾಸಿದ್ದಾಳೆ, ಅಂಚಿಗೆ ಕುರಿಕೊಂಬಿನ ಚಿತ್ತಾರ ಬೇರೆ, ಯಾರು ನೋಡಬೇಕು ಅಂದರೆ ನಿನ್ನ ಕಾಲು ನೋಡತ್ತಲ್ಲ ಮುದುಕಾ ಅಂದಿದ್ದಳು. ಎಡಗಡೆಯ ಸ್ಪ್ರಿಂಗು ಸಡಿಲವೇನೋ — ಇಲ್ಲ. ತಂತಿಗಳನ್ನು ಅದಲುಬದಲು ಮಾಡಿದ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಆಗಲೂ ಎಡಕ್ಕೇ. ಗಾಳಿ ನಿಲ್ಲಿಸಿದ, ಸಿಮ್ಯುಲೇಟರಿನಲ್ಲಿ ಗಾಳಿಯನ್ನು ನಿಲ್ಲು ಅಂದರೆ ನಿಲ್ಲುತ್ತದೆ, ಎರಡು ರೆಕ್ಕೆಗಳಿಗೂ ಸಮಸಮ ಇಂಧನ ತುಂಬಿದ, ಬೇರೆ ವಿಮಾನ ತಂದು ಇಳಿಸಿದ, ಅದು ದಾರ ಹಿಡಿದಂತೆ ನೇರ ಹೋಯಿತು, ಅಂದರೆ ದೋಷ ಮಿರಾಸನ ವಿಮಾನದ್ದೇ, ಪೆಡಲಿನದಲ್ಲ, ಕಾಲಿನದಲ್ಲ, ಬರೆದುಕೋ, ಕಾಲಿನದಲ್ಲ. ಏಳು ವರ್ಷದ ಹಿಂದೆ ನಿಜವಾದ ಜೆಟ್ ಹೀಗೇ ರನ್‌ವೇ ಬಿಟ್ಟಿಳಿದಾಗ ತನಿಖೆಯ ಆಯೋಗದವರು ಮೇಜಿನಾಚೆ ಕೂತು ಅಷ್ಟು ಸಲೀಸಾಗಿ ಹೇಳಿದ್ದರು, ಎಡ ಬ್ರೇಕಿನ ಒತ್ತಡ ಜಾಸ್ತಿ ಇತ್ತು ಕ್ಯಾಪ್ಟನ್, ವಿಮಾನದ ದಾಖಲೆ ಯಂತ್ರವೇ ಹೇಳ್ತಿದೆ, ಕಾಲು ನಿಮ್ಮದು ತಾನೇ. ಒಬ್ಬ ಡಾಕ್ಟರು ಮೊಣಕಾಲಿಗೆ ಪುಟ್ಟ ಸುತ್ತಿಗೆ ಬಡಿದು ನೋಡಿದ, ಬೆರಳು ಮಡಿಸಿ, ಬಿಡಿಸಿ, ಕಣ್ಣು ಮುಚ್ಚಿ ನಿಲ್ಲಿ, ಒಂಟಿಕಾಲಲ್ಲಿ ನಿಲ್ಲಿ, ತೂರಾಡಿದ, ಐವತ್ತಾರು ವರ್ಷದ ಯಾರು ತೂರಾಡುವುದಿಲ್ಲ. ಕ್ಯಾಸ್ಪಿಯನ್ ದಡದ ಆ ರನ್‌ವೇ, ಅಡ್ಡಗಾಳಿಗೆ ನೆಲದ ಮೇಲೆ ಹಾವಿನಂತೆ ಹರಿಯುವ ಪುಡಿಹಿಮ, ಬ್ರೇಕ್ ಒತ್ತಿದ, ದೀಪಗಳು ಜರುಗಿದವು, ಬಲಗಾಲು ಒತ್ತಲು ಹೋದ, ಪೆಡಲ್ ಹಗುರವಾಗಿತ್ತು, ಅದಾಗಿಯೇ ಇಳಿದ ಹಾಗೆ ಇತ್ತು, ಕಾಲು ತಲುಪುವ ಮೊದಲೇ. ಅದನ್ನೂ ಹೇಳಿದ್ದ. ಭಯ ಆದಾಗ ಹಾಗನ್ನಿಸತ್ತೆ ಕ್ಯಾಪ್ಟನ್ ಅಂದರು. ಪೆಡಲ್ ತಾನಾಗಿ ಇಳಿಯುವುದಿಲ್ಲ, ಎರಡು ಸೀಟಿನ ಪೆಡಲ್‌ಗಳನ್ನೂ ಒಂದೇ ಸರಳು ಕಟ್ಟಿ ಹಿಡಿದಿರುತ್ತದೆ, ಪಕ್ಕದವನು ತುಳಿದರೆ ನಿನ್ನದೂ ಇಳಿಯುತ್ತದೆ, ಮಿರಾಸನಿಗೆ ಪಾಠ ಹೇಳಿದ್ದೇ ಆ ಸರಳಿನ ಮೂಲಕ, ಬಾಯಲ್ಲಿ ಬೈಯದೆ, ಅವನು ಜೋರಾಗಿ ತುಳಿದರೆ ಇವನು ಇಲ್ಲಿಂದ ಮೆತ್ತಗೆ ತಡೆಯುವನು, ಹಾಗಲ್ಲ, ಹೀಗೆ, ಕಾಲಿಂದ ಕಾಲಿಗೆ. ಆದರೆ ಆ ದಿನ ಪಕ್ಕದವನ ಕಾಲು ನೆಲದ ಮೇಲಿತ್ತು, ಮಿರಾಸೇ ಆಯೋಗಕ್ಕೆ ಹೇಳಿದ, ನನ್ನ ಕಾಲು ನೆಲದ ಮೇಲಿತ್ತು, ಕೈ ತೊಡೆಯ ಮೇಲಿತ್ತು, ನಿಯಮದ ಪ್ರಕಾರ. ಪಾಪ, ಮುಖವೆಲ್ಲ ಬೆವರಿತ್ತು ಹುಡುಗನದು, ಹೊರಗೆ ಬಂದ ಮೇಲೆ ಇವನೇ ಅವನ ಬೆನ್ನು ಸವರಿದ್ದ, ಹೋಗಲಿ ಬಿಡೋ, ಇದ್ದದ್ದು ಇದ್ದಂಗೆ ಹೇಳಿದ್ದೀಯ.

ಕರೆಂಟು ಹೋಗಿ ಬಂತು. ಕಂಪ್ಯೂಟರ್ ಮೊದಲಿನಿಂದ ಶುರು, ಹೊಸದಾಗಿ ಇಳಿಸಿದ, ಎಡಕ್ಕೆ ಹೋಗುತ್ತದೆಂದು ಬಲಗಾಲು ಬಿಗಿಹಿಡಿದೇ ಇಳಿಸಿದ — ನೇರ. ಹಾಲಿನ ಗೆರೆಯಂತೆ ನೇರ. ಇದೇನಿದು. ಮತ್ತೆ ಇಳಿಸಿದ, ಸ್ವಲ್ಪ ಎಡಕ್ಕೆ. ಮತ್ತೆ, ಪೂರ್ತಿ ಎಡಕ್ಕೆ. ಕಾರಿನ ಸೀಟಿನಿಂದ ಎದ್ದು ಕಿಟಕಿಯವರೆಗೆ ಹೋಗಿ ಬಂದ, ಮುಚ್ಚಿ ತೆಗೆದು ಹೊಸದಾಗಿ ಶುರು ಮಾಡಿದ, ನೇರ, ಈಗ ಇಳಿಯದೆ ನೆಲದ ಮೇಲೇ ಓಡಾಡಿಸಿದ, ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಪೇಟೆಯ ಟ್ಯಾಕ್ಸಿಯವನ ಹಾಗೆ, ಬ್ರೇಕ್ ಕಾಯಲಿ, ಕಾದಿತು, ಆಮೇಲೆ ಏರಿಸಿ ಇಳಿಸಿದರೆ ದೀಪಗಳು ಜರುಗಿದವು, ಎಡಕ್ಕೆ. ಬಿಸಿಯಾದ ಮೇಲೆ ಎಡಕ್ಕೆ. ತಪ್ಪಿ ಬರೆದ ತಪ್ಪು ಹೀಗಿರುವುದಿಲ್ಲ, ತಪ್ಪಾದರೆ ಯಾವಾಗಲೂ ತಪ್ಪಾಗಿರಬೇಕು, ಇದು ಕಾಯುತ್ತದೆ, ಇದಕ್ಕೆ ನೆನಪಿದೆ. ಎದೆ ಹೊಡೆದುಕೊಳ್ಳತೊಡಗಿತು, ಮುದುಕಾ, ಮಾತ್ರೆ ನುಂಗಿದ್ಯಾ ಅಂತ ಅಡಿಗೆಮನೆಯಿಂದ ಕೂಗು, ನುಂಗಿದೆ, ನುಂಗಲಿಲ್ಲ — ಆ ದಿನವೂ ಎರಡನೇ ಸಲ ಇಳಿದದ್ದಲ್ಲವೆ, ಮೊದಲು ತೈಲದೂರಿನಲ್ಲಿ ಧಣಿಯ ಅತಿಥಿಗಳನ್ನು ಇಳಿಸಿ, ಅಲ್ಲಿಂದೆದ್ದು ಕಡಲ ದಡಕ್ಕೆ, ಬ್ರೇಕು ಆರಿರಲಿಲ್ಲ. ಹಾಗಾದರೆ ಇದು ಈ ಜಾತಿಯ ಜೆಟ್ಟಿಗೇ ಇರುವ ಗುಣ, ಕಾರ್ಖಾನೆಯವರ ಕಾಗದಗಳಲ್ಲೇ ಇರಬೇಕು, ಮಿರಾಸ್ ಎಲ್ಲಿಂದಲೋ ತರಿಸಿ ಹಾಗೇ ಇಳಿಸಿಕೊಂಡಿದ್ದಾನೆ, ಲೋಕಕ್ಕೆಲ್ಲ ಗೊತ್ತಿದ್ದದ್ದು ಆ ಆಯೋಗಕ್ಕೆ ಗೊತ್ತಿರಲಿಲ್ಲ, ಅಷ್ಟೆ, ಹಾಗಾದರೆ ಕಾಲಲ್ಲ. ಹಾಗಾದರೆ ಈ ಕಾಲಲ್ಲ. ಬಗ್ಗಿ ಎಡ ಮೊಣಕಾಲನ್ನು ಅಂಗೈಯಿಂದ ಸವರಿದ, ಬೀದಿನಾಯಿಯನ್ನು ಸುಮ್ಮನೆ ಹೊಡೆದು ಆಮೇಲೆ ಸವರುವ ಹಾಗೆ. ಆದರೆ ಅಷ್ಟು ವರ್ಷ ಹಾರಿಸಿದವನಿಗೆ ಒಂದು ಸಲವೂ ಯಾಕೆ ತಿಳಿಯಲಿಲ್ಲ. ಬಿಸಿ ಬ್ರೇಕಿನಲ್ಲಿ ಇವನು ಯಾವಾಗ ಇಳಿಸಿದ್ದಾನೆ — ಯೋಚಿಸು — ದಿನದ ಮೊದಲ ಹಾರಾಟ ಕ್ಯಾಪ್ಟನ್ನಿನದು, ಎರಡನೆಯದು ಪಕ್ಕದವನಿಗೆ, ಕೈ ಪಳಗಲಿ ಅಂತ, ಬೇರೆ ಕ್ಯಾಪ್ಟನ್ನರು ಧಣಿ ಕೂತಿದ್ದರೆ ಹುಡುಗರ ಕೈಗೆ ಕೊಡುತ್ತಿರಲಿಲ್ಲ, ಇವನು ಕೊಡುತ್ತಿದ್ದ, ತಗೋ ಮಿರಾಸ್, ಇದು ನಿಂದು. ಎರಡನೆಯದೆಲ್ಲ ಮಿರಾಸನದೇ. ಆ ಒಂದು ದಿನ ಬಿಟ್ಟು, ಅಡ್ಡಗಾಳಿ ಇತ್ತು, ಹುಡುಗನಿಗೆ ಕಷ್ಟ ಅಂತ, ಕೊಡೋ ಇಲ್ಲಿ, ನಾನಿಳಿಸ್ತೀನಿ.

ಬಾಗಿಲು ಬಡಿದ ಸದ್ದು, ಹೊಸಿಲಲ್ಲಿ ಬೂಟು ಕಳಚುವ ಸದ್ದು, ಮಿರಾಸ್, ಕುಲ್ಯಾಶಳನ್ನು ಅವನು ಅಪಾ ಅನ್ನುವುದು, ತಾಯಂಥವಳೆಂದು, ಅಪಾ, ಮೆಟ್ಟಿಲಿಗೇ ಬರತ್ತೆ ನಿಮ್ಮ ಬೌರ್ಸಾಕ್ ವಾಸನೆ, ಕೆಳಗಿನ ಮನೆ ಬೆಕ್ಕೂ ನನ್ ಜೊತೆ ಹತ್ತಿ ಬಂತು. ಬರಲಿ ಬಿಡು, ಅದಾದ್ರೂ ಕುಟುಂಬ ಸಮೇತ ಬರತ್ತೆ, ನೀನು ಯಾವಾಗ ಬರೋದು ಕುಟುಂಬ ಸಮೇತ, ಕಂಪ್ಯೂಟರನ್ನೇ ಕಟ್ಕೊಂಡ್ಯೇನೋ. ಕಂಪ್ಯೂಟರ್ ಬೈಯಲ್ಲ ಅಪಾ. ಬೈಯಲ್ಲ ಸರಿ, ಬೌರ್ಸಾಕ್ ಕರಿಯತ್ತಾ? ನಗು. ಕೈಯಲ್ಲಿ ಕೇಕಿನ ಡಬ್ಬಿ, ತಾಯಿ ಊರಿಂದ ಕಳಿಸಿದ ಕುದುರೆಮಾಂಸದ ಕಜೀ, ಕುಲ್ಯಾಶಳ ರಕ್ತದೊತ್ತಡದ ಮಾತ್ರೆ, ಅವಳು ಕೇಳಿರುವುದಿಲ್ಲ, ಮುಗಿಯುವ ಹೊತ್ತಿಗೆ ತಂದಿರುತ್ತಾನೆ. ಅವಳ ಸೊಂಟ ಮುರಿದ ಚಳಿಗಾಲ, ಈ ಕಟ್ಟಡಕ್ಕೆ ಲಿಫ್ಟಿಲ್ಲ, ನಾಲ್ಕು ಅಂತಸ್ತು ಕುರ್ಚಿಯಲ್ಲಿ ಕೂರಿಸಿ ಹೊತ್ತಿಳಿಸಿದವನು, ಆಸ್ಪತ್ರೆಯಿಂದ ಮರಳಿದಾಗ ಹೊತ್ತು ಹತ್ತಿದವನು, ಕೆಲಸ ಹೋದ ಮೇಲೆ ಇವನು ಗೋಡೆ ನೋಡುತ್ತ ಕೂತಾಗ ಈ ಕಂಪ್ಯೂಟರ್ ತಂದು ಜೋಡಿಸಿಕೊಟ್ಟವನು, ಹಾರಿ ಸೆಕೆ, ಇಲ್ಲಿ ನಿಮ್ಮ ಲೈಸೆನ್ಸ್ ಕೇಳೋರು ಯಾರೂ ಇಲ್ಲ. ಮಗನಿದ್ದಿದ್ದರೆ ಇಷ್ಟು ಮಾಡುತ್ತಿದ್ದನೇ ಅಂತ ರಾತ್ರಿ ದೀಪ ಆರಿಸಿದ ಮೇಲೆ ಕುಲ್ಯಾಶ್ ಎಷ್ಟು ಸಲ ಅಂದಿದ್ದಾಳೆ. ಊಟದ ಬಟ್ಟೆ ಹಾಸಿಯಾಯಿತು, ಹಾಲು ಹಾಕಿದ ಚಹಾ, ಮಿರಾಸನ ಬಟ್ಟಲಿಗೆ ತಳದಲ್ಲಿ ಮೂರು ಗುಟುಕಷ್ಟೆ ಸುರಿದಳು, ಯಾವಾಗಲೂ ಹಾಗೆಯೇ, ಬೇಗ ಮುಗಿಯಲಿ, ಮತ್ತೆ ಕೇಳಲಿ, ಮತ್ತೆ ಸುರಿಯಲಿ, ಕೂತಿರಲಿ, ತುಂಬಿಸಿ ಕೊಡುವುದು ಹೊರಡಲಿ ಎನ್ನಿಸುವವರಿಗೆ. ಏನಾಯ್ತು ಸೆಕೆ, ಸಿಕ್ತಾ ನಮ್ಮ ಪ್ರೋಗ್ರಾಮಿನ ಹುಳ. ಸಿಕ್ಕಿತು ಅಂದ ಇವನು, ಅದು ಬಿಸಿಯಾಗೋದನ್ನ ಕಾಯ್ತದೆ ಕಣೋ, ಬ್ರೇಕು ತಣ್ಣಗಿದ್ರೆ ಸಾಧು, ಕಾದ ಮೇಲೆ ಎಡಗಡೇದು ಕಚ್ಕೊಳ್ಳತ್ತೆ, ನೀನು ಬಿಟ್ಟರೂ ಅದು ಬಿಡಲ್ಲ, ಎಲ್ಲಿಂದ ತಂದೆ ಇದನ್ನ, ಕಾರ್ಖಾನೆ ಕಾಗದದಲ್ಲಿತ್ತಾ?

ಮಿರಾಸ್ ನಕ್ಕ. ಎಂಥ ನಗು ಅದು, ಬಾಯೊಳಗೆ ಬೌರ್ಸಾಕ್ ಇಟ್ಟುಕೊಂಡೇ ತೊಡೆ ಬಡಿದುಕೊಂಡು, ಕಳೆದುಹೋದ ಆಟಿಕೆ ಮಂಚದಡಿ ಸಿಕ್ಕಿದ ಮಗುವಿನ ನಗು, ಅಯ್ಯೋ ಅದಾ, ಅದು ತಪ್ಪಲ್ಲ ಸೆಕೆ, ಅದು ನಮ್ಮದೇ, ಇದನ್ನ ಕಟ್ಟೋಕೆ ಶುರು ಮಾಡಿದ ಮೊದಲನೇ ವರ್ಷ ಕೂತು ನೆನಪಿದ್ದದ್ದೆಲ್ಲ ಹಾಕಿದ್ದೆ ನಾನು, ಬಾಗಿಲಿನ ಕಿರುಗುಟ್ಟೋದು, ಗಡಿಯಾರದ ಮುಳ್ಳು ಅಂಟ್ಕೊಳ್ಳೋದು, ಮರೆತೇ ಹೋಗಿತ್ತು ನೋಡಿ, ಎಡ ಬ್ರೇಕು ಬಿಸಿಯಾದ್ರೆ ಕಚ್ಕೊಳ್ಳೋದು, ಎಷ್ಟು ಕಷ್ಟ ಪಟ್ಟಿದ್ದೆ ಅದನ್ನ ಸರಿಯಾಗಿ ತರೋಕೆ, ಮೊದ್ಲು ಒಂಚೂರು, ಆಮೇಲೆ ದಬಕ್ಕಂತ, ಹೂಬೇಹೂಬ್ ನಮ್ಮ ವಿಮಾನ — ಅಲ್ಲಿಗೆ ನಿಂತಿತು. ಅವನ ಮಾತು ಅವನ ಕಿವಿಗೇ ಆಗ ತಲುಪಿದ ಹಾಗೆ. ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯುವುದು ಹೇಗೆಂದು ತಿಳಿಯದವನಂತೆ, ಕಣ್ಣು ಮಾತ್ರ ಹೊರಟುಹೋಗಿತ್ತು. ಹೂಬೇಹೂಬ್ ಅಂದ ಇವನು. ಸೆಕೆ. ನಿನಗೆ ಗೊತ್ತಿತ್ತು. ಸೆಕೆ, ಕೇಳಿ ಇಲ್ಲಿ. ಅಡಿಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ, ವಾಷರ್ ಹಾಕಬೇಕು, ಕಜೀಯ ಕೊಬ್ಬು ತಟ್ಟೆಯಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತಿದೆ, ಕುಲ್ಯಾಶ್ ಕೈಯಲ್ಲಿ ಚಹಾದ ಕೆಟಲ್ ಹಿಡಿದು ಸುರಿಯುವುದನ್ನು ಮರೆತಿದ್ದಾಳೆ. ಯಾವಾಗಿಂದ ಗೊತ್ತಿತ್ತೋ. ಆ ಚಳಿಗಾಲ ಶುರುವಾದಾಗಿಂದ, ಎರಡನೇದು ನಾನೇ ಇಳಿಸ್ತಿದ್ನಲ್ಲ, ಧಣಿ ಭಾವಮೈದನಿಗೆ ಹೇಳಿದ್ದೆ ಸೆಕೆ, ದೇವರಾಣೆಗೂ ಹೇಳಿದ್ದೆ, ರಿಪೇರಿ ಎಲ್ಲಾ ಅವನದೇ ಅಲ್ವಾ, ಹಬ್ಬ ಆಗ್ಲಿ ಬಿಚ್ಚಿಸ್ತೀನಿ, ಅಲ್ಲೀವರೆಗೂ ಕಾಲಲ್ಲಿ ಸಂಭಾಳಿಸು ಅಂದ. ನನಗ್ಯಾಕೆ ಹೇಳಲಿಲ್ಲ. ಹೇಳಿದ್ರೆ ನೀವು ವಿಮಾನ ನಿಲ್ಲಿಸಿಬಿಡ್ತಿದ್ರಿ. ಹೌದು, ನಿಲ್ಲಿಸಿಬಿಡ್ತಿದ್ದೆ. ನಿಲ್ಸಿದ್ರೆ ಧಣಿ ನನ್ನ ಹೊರಗೆ ಹಾಕ್ತಿದ್ದ, ನನಗಾಗ ಇಪ್ಪತ್ತಾರು ಸೆಕೆ, ಇಬ್ಬರು ತಂಗೀರು ಓದ್ತಿದ್ರು. ಆಯೋಗದ ಮುಂದೆ? ಮಿರಾಸ್ ಬಟ್ಟಲನ್ನು ತಟ್ಟೆಯ ಮೇಲೆ ತಿರುಗಿಸಿದ, ತೆಗೆದುಬಿಡ್ತೀನಿ ಸೆಕೆ, ಇವತ್ತೇ ತೆಗೀತೀನಿ, ಪ್ರೋಗ್ರಾಮಿನಲ್ಲಿ ಒಂದೆರಡು ಸಾಲು ಅಷ್ಟೆ, ಇರೋದೇ ಇಲ್ಲ.

ಒಂದೆರಡು ಸಾಲು. ಏಳು ಚಳಿಗಾಲ ಈ ಕಾಲನ್ನು ಇವನು ನಂಬಿಲ್ಲ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾನೆ, ಬಸ್ಸಿನಲ್ಲಿ ಯಾರಾದರೂ ಬಿದ್ದರೆ ತನ್ನ ಕಾಲು ತಾಗಿತೇನೋ ಅಂತ ಕ್ಷಮೆ ಕೇಳುತ್ತಾನೆ, ಧಣಿಯ ಮನೆಗೆ ಹೋಗಿ ಟೋಪಿ ಕೈಯಲ್ಲಿ ಹಿಡಿದು ನಿಂತು ನನ್ನಿಂದ ತಪ್ಪಾಯ್ತು ಅಂದಿದ್ದ, ಭಾವಮೈದ ಪಕ್ಕದಲ್ಲೇ ಕೂತು ಹಣ್ಣು ತಿನ್ನುತ್ತಿದ್ದ, ಹೋಗಲಿ ಬಿಡಿ ವಯಸ್ಸಾಯ್ತು ಅಂದಿದ್ದ, ಆ ದಿನ ಕಾರಿನಲ್ಲಿ ಕರೆದುಕೊಂಡು ಹೋದವನು ಮಿರಾಸ್, ಹೊರಗೆ ಚಳಿಯಲ್ಲಿ ಎಂಜಿನ್ ಆರಿಸದೆ ಕಾದು ಕೂತಿದ್ದ, ಇವನು ಬಂದ ಕೂಡಲೆ ಮೊಣಕಾಲಿಗೆ ತನ್ನ ಮಫ್ಲರ್ ಸುತ್ತಿದ್ದ. ಎಷ್ಟು ಒಳ್ಳೆಯ ಹುಡುಗ. ಮಾತ್ರೆ ತಂದ, ಕೇಕು ತಂದ, ಹೊತ್ತಿಳಿಸಿದ, ಹೊತ್ತು ಹತ್ತಿದ, ಒಂದು ಮಾತು ಮಾತ್ರ ಹೊತ್ತು ತರಲಿಲ್ಲ, ಅದೊಂದೇ ಬೇಕಾಗಿತ್ತು, ಕೇಕು ಯಾರಿಗೆ ಬೇಕಿತ್ತು, ಈ ಮನೆಯಲ್ಲಿ ಇಬ್ಬರಿಗೂ ಸಕ್ಕರೆ ಕಾಯಿಲೆ. ಅವನ ಒಳ್ಳೆಯತನ ಸುಳ್ಳೇ, ಸುಳ್ಳೂ ಅಲ್ಲವಲ್ಲ, ಅದೇ ಉರಿಯುವುದು, ನಾಲ್ಕು ಅಂತಸ್ತು ಹೊತ್ತಾಗ ಅವನು ಏದುಸಿರು ಬಿಟ್ಟದ್ದು ನಿಜ, ಅವಳ ಕಾಲಿಗೆ ಗೋಡೆ ತಾಗದಿರಲೆಂದು ತನ್ನ ಮೊಣಕೈ ಕೊಟ್ಟು ತರಚಿಕೊಂಡದ್ದು ನಿಜ. ಬರೆದುಕೊಡ್ತೀನಿ ಸೆಕೆ ಎನ್ನುತ್ತಿದ್ದಾನೆ, ಯಾರಿಗೆ ಬೇಕಾದ್ರೂ ಬರೆದುಕೊಡ್ತೀನಿ, ಈಗಲೇ. ಯಾರಿಗೋ? ಧಣಿ ದೇಶ ಬಿಟ್ಟು ಹೋಗಿ ಎಷ್ಟೋ ಆಯಿತು, ವಿಮಾನ ಬಿಚ್ಚಿ ಮಾರಿದರು, ಆಯೋಗದಲ್ಲಿ ದೊಡ್ಡ ಧ್ವನಿಯಲ್ಲಿ ಮಾತಾಡಿದವನ ಮಣ್ಣಿಗೆ ಇವನೇ ಹೋಗಿ ಬಂದಿದ್ದಾನೆ, ಯಾರ ಕೈಗೆ ಕೊಡ್ತೀಯ ಆ ಕಾಗದ, ಜರ್ಮನಿಯವನಿಗಾ, ಬ್ರೆಜಿಲಿನವನಿಗಾ. ತೆಗಿ ಅಂದ ಇವನು, ತೆಗೆದುಬಿಡು, ಜನ ಹಾರಿಸ್ಬೇಕು ಪಾಪ. ಧ್ವನಿ ಏರಲಿಲ್ಲ, ಏರಿದ್ದರೆ ಒಳ್ಳೆಯದಿತ್ತೇನೋ. ಆದ್ರೆ ಚೆನ್ನಾಗಿ ಮಾಡಿದ್ದೀಯ ಕಣೋ, ಒಂಚೂರು, ಆಮೇಲೆ ದಬಕ್ಕಂತ, ಭಾಳ ಚೆನ್ನಾಗಿ ಮಾಡಿದ್ದೀಯ.

ಆಗ ಕುಲ್ಯಾಶ್ ಮಿರಾಸನ ಬಟ್ಟಲು ತೆಗೆದುಕೊಂಡಳು. ಹಾಲು ಹಾಕಿದಳು, ಕಡುಚಹಾ ಹಾಕಿದಳು, ಬಿಸಿನೀರು ಸುರಿದಳು, ನಿಲ್ಲಿಸಲಿಲ್ಲ, ಅರ್ಧ ದಾಟಿತು, ಹೂವಿನ ಗೆರೆ ಮುಳುಗಿತು, ಅಂಚಿನವರೆಗೆ ಬಂತು, ಇನ್ನೊಂದು ಹನಿ ಹಿಡಿಯದಷ್ಟು, ಎರಡೂ ಕೈಯಲ್ಲಿ ಹಿಡಿದು ಚೆಲ್ಲದಂತೆ ಅವನ ಮುಂದಿಟ್ಟಳು. ಕುಡಿಯಪ್ಪಾ. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮಿರಾಸ್ ಆ ಬಟ್ಟಲನ್ನು ನೋಡುತ್ತಲೇ ಇದ್ದ, ಅದರ ಮೇಲೆ ಕಿಟಕಿಯ ಬೆಳಕು ನಡುಗುತ್ತಿತ್ತು, ಎತ್ತಿದ, ಚೆಲ್ಲಿತು, ಬೆರಳು ಸುಟ್ಟಿರಬೇಕು, ಸುಟ್ಟರೂ ಇಳಿಸಲಿಲ್ಲ, ನಿಲ್ಲಿಸದೆ ಕುಡಿದ, ಅಷ್ಟು ಬಿಸಿಯನ್ನು, ಕೊನೆಯ ಗುಟುಕಿನವರೆಗೆ, ಕಣ್ಣಲ್ಲಿ ನೀರು ಬಂದದ್ದು ಬಿಸಿಗೋ ಯಾತಕ್ಕೋ. ಬರ್ತೀನಿ ಅಪಾ. ಅವಳು ಎದ್ದು ಬಾಗಿಲವರೆಗೂ ಹೋದಳು, ಹೋಗುತ್ತಾಳೆ, ಅವಳು ಹಾಗೆಯೇ, ಬೌರ್ಸಾಕನ್ನು ಕಾಗದದಲ್ಲಿ ಸುತ್ತಿ ಅವನ ಜೇಬಿಗೆ ತುರುಕಿದಳು, ಮಫ್ಲರ್ ಸರಿಯಾಗಿ ಸುತ್ಕೋ, ಹೊರಗೆ ಹೊಗೆ. ಬೂಟಿನ ಸದ್ದು ಮೆಟ್ಟಿಲ ಮೇಲೆ ಇಳಿಯುತ್ತ ಇಳಿಯುತ್ತ ಹೋಯಿತು. ವಾಪಸು ಬಂದವಳು ಇವನೆದುರು ಕೆಳಗೆ ಕೂತಳು, ಸೊಂಟ ಹಿಡಿದುಕೊಂಡು, ಕಷ್ಟಪಟ್ಟು, ಇವನ ಎಡಗಾಲಿನ ಚಪ್ಪಲಿ ತೆಗೆದು ಪಾದವನ್ನು ಮಡಿಲಲ್ಲಿಟ್ಟುಕೊಂಡಳು, ತಣ್ಣಗಾಗಿದೆಯಲ್ಲೋ ಮುದುಕಾ.

ಆಮೇಲೆ ಅವಳು ಪಾತ್ರೆ ತೊಳೆಯಲು ಹೋದಳು, ಇವನು ಹಿಂಬದಿಯ ಕೋಣೆಗೆ ಬಂದ, ವಿಮಾನ ಇನ್ನೂ ಹುಲ್ಲಿನಲ್ಲೇ ನಿಂತಿದೆ, ಸಂಜೆಯೊಳಗೆ ಮಿರಾಸ್ ಆ ಸಾಲು ಅಳಿಸಿರುತ್ತಾನೆ, ಅವನು ಹೇಳಿದರೆ ಮಾಡುತ್ತಾನೆ, ಆಮೇಲೆ ಈ ಜೆಟ್ ಎಲ್ಲರಿಗೂ ನೇರ ಓಡುತ್ತದೆ, ಇನ್ನೊಂದು ಸಲ ಅಷ್ಟೆ, ಕಾರಿನ ಸೀಟು, ಕಂಬಳಿಯ ಮೇಲೆ ಪೆಡಲ್, ಗುಂಡಿ ಒತ್ತಿದ, ಆಕಾಶ, ಹಿಮ ಹಾಕಿದ, ಅಡ್ಡಗಾಳಿ ಹಾಕಿದ, ಬ್ರೇಕು ಕಾದಿದೆ, ಇಳಿ, ಚಕ್ರ ಮುಟ್ಟಿತು, ಪುಡಿಹಿಮ ಹರಿಯುತ್ತಿದೆ, ಈಗ ಎರಡೂ ಕಾಲಲ್ಲಿ ಸಮಸಮ, ನೋಡಿ ಡಾಕ್ಟರೇ, ಸಮಸಮ, ದೀಪಗಳು ಜರುಗತೊಡಗಿದವು, ಒಂಚೂರು, ಬಲಗಾಲನ್ನು ಒತ್ತಲಿಲ್ಲ, ಪೆಡಲ್ ಮೇಲೆ ಸುಮ್ಮನೆ ಇಟ್ಟು ಕಾದ, ಕೆಳಗೆ ಸ್ಪ್ರಿಂಗು ಬಿಟ್ಟರೆ ಏನಿಲ್ಲ, ಆಚೆ ಬದಿ ಯಾರೂ ಇಲ್ಲ, ಕಾದ, ನನ್ನ ಕಾಲು ನೆಲದ ಮೇಲಿತ್ತು, ಕೈ ತೊಡೆಯ ಮೇಲಿತ್ತು, ಇಲ್ಲ, ಇರಲಿಲ್ಲ, ಆ ದಿನ ಎಳೆಯುತ್ತದೆಂದು ಮಿರಾಸನಿಗೆ ಗೊತ್ತಿತ್ತು, ಎಳೆಯುವ ಮೊದಲೇ ಗೊತ್ತಿತ್ತು, ಅವನ ಬೂಟು ಅಲ್ಲಿತ್ತು, ಇವನಿಗಿಂತ ಮುಂಚೆ, ಆ ಒಂದು ಸರಳಿನ ಆಚೆ ತುದಿಯಲ್ಲಿ, ಕಾಪಾಡಲೆಂದೇ ತುಳಿದದ್ದು, ಕಾಲಿಂದ ಕಾಲಿಗೆ ಆಗಲೇ ಹೇಳಿದ್ದ, ಬಾಯಿಂದ ಮಾತ್ರ ಹೇಳಲಿಲ್ಲ — ದೀಪ, ಹಿಮ, ದೀಪ, ಇವನು ಇನ್ನೂ ಒತ್ತಿಲ್ಲ, ಪೆಡಲ್ ಇಳಿಯುತ್ತಿದೆ, ಇವನು ಒತ್ತಿಲ್ಲ, ಬಲ ಪೆಡಲ್ ಆ ದಿನದ ಹಾಗೇ ಇವನ ಪಾದದಡಿ ತಾನಾಗಿ ಇಳಿಯುತ್ತಿದೆ